ಮಳಖೇಡದ ಹಳೆಯ ನಕಾಶೆ

ಪಾಠ ಹೇಳುವವನಿಗೆ ವಿದ್ಯಾರ್ಥಿಯೇ ಪಾಠ ಹೇಳುವ ಪ್ರಸಂಗ ಒಮ್ಮೊಮ್ಮೆ ಒದಗುವುದುಂಟು. ಕಳೆದ ಮಳೆಗಾಲದ ಮೊದಲಲ್ಲಿ ನನಗೆ ಅಂಥದೊಂದು ಒದಗಿತು. ಬಿ.ಎ. ತರಗತಿಯ ಹುಡುಗನೊಬ್ಬ, ಮುತ್ತಜ್ಜನ ಟ್ರಂಕಿನಲ್ಲಿ ಸಿಕ್ಕಿತೆಂದು ಹೇಳಿ, ಬಟ್ಟೆಗೆ ಅಂಟಿಸಿ ಎಂಟು ಮಡಿಕೆಯಾಗಿ ಮಡಚಿದ್ದ ಕಾಗದವೊಂದನ್ನು ತಂದು ನನ್ನ ಮೇಜಿನ ಮೇಲೆ ಹರವಿದ. ಮುತ್ತಜ್ಜ ನಿಜಾಮರ ಕಾಲದಲ್ಲಿ ರಸ್ತೆಯ ಕೆಲಸದ ಮೇಲ್ವಿಚಾರಣೆ ಮಾಡುತ್ತಿದ್ದನಂತೆ. ಕಾಗದದ ಅಂಚುಗಳನ್ನು ಗೆದ್ದಲು ತಿಂದಿತ್ತು. ಮಡಿಕೆ ಬಿದ್ದಲ್ಲೆಲ್ಲ ಅಕ್ಷರ ಮಾಸಿತ್ತು. ಆದರೂ ಅದು ಏನೆಂಬುದು ಗೊತ್ತಾಗುವುದಕ್ಕೆ ತಡವಾಗಲಿಲ್ಲ. ಇಂಚಿಗೆ ಒಂದು ಮೈಲಿಯ ಪ್ರಮಾಣದಲ್ಲಿ ಭಾರತ ಸರ್ವೇಕ್ಷಣ ಇಲಾಖೆ ಅಚ್ಚು ಮಾಡಿಸಿದ ಸ್ಥಳವರ್ಣನ ನಕ್ಷೆ ಅದು. ನಮ್ಮ ಕಡೆಯ ಜನ ಇಂದಿಗೂ ನಕಾಶೆ ಎಂದೇ ಅನ್ನುತ್ತಾರೆ. ನಾನೂ ಹಾಗೆಯೇ ಅನ್ನುತ್ತೇನೆ.

ನಡುವೆ ಮಳಖೇಡ, ಅದರ ಬದಿಯಲ್ಲಿ ಕಾಗಿಣಾ ನದಿ, ಕೆಳಗೆ ಚಿತ್ತಾಪುರ. ಕಂದು ಬಣ್ಣದ ಸಮೋನ್ನತ ರೇಖೆಗಳು ವಿರಳವಾಗಿ, ಅವಸರವಿಲ್ಲದೆ ಹರಿದಿದ್ದುವು. ಹುಡುಗ ಒಂದು ಕಡೆ ಬೆರಳಿಟ್ಟು ಹೇಳಿದ: “ಸರ್, ಇದ್ರಾಗ ನಮ್ಮೂರ ಮುಂದ ಹಳ್ಳ ಅದ ನೋಡ್ರಿ. ನಾ ಹುಟ್ಟಿದಾಗಿಂದ ಅಲ್ಲಿ ಖಣಿನೇ ಅದ.”

ಇಪ್ಪತ್ತು ವರ್ಷದ ಹುಡುಗನಿಗೆ ತನ್ನ ಊರಿನ ಮುಂದೆ ಒಂದು ಹಳ್ಳವಿತ್ತೆಂಬ ಸಂಗತಿ ಆ ದಿನದ ವರೆಗೆ ತಿಳಿದಿರಲಿಲ್ಲ. ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಹೇಳುವಂಥ ಮಾತೆಂದು ಯಾರಿಗೂ ಅನಿಸಿರಲಿಕ್ಕಿಲ್ಲ. ಕಾಗದ ಹೇಳಿತು. ಅಂದಿನಿಂದ ನಾನು ಈ ನಕಾಶೆಗಳ ಬೆನ್ನು ಹತ್ತಿದ್ದೇನೆ. ಭೂಗೋಳ ಶಾಸ್ತ್ರ ನನ್ನದಲ್ಲ. ಹಳಗನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು ನಾನು. ಹಳೆಯ ಪ್ರತಿಯೊಂದನ್ನು ನೋಡಲು ಸಿಗಬಹುದೇ ಎಂದು ಒಂದು ಕಚೇರಿಗೆ ಹೋದಾಗ ಅಲ್ಲಿಯ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, “ಕನ್ನಡ ಮಾಸ್ತರಿಗೆ ನಕಾಶಿ ಯಾತಕ್ರೀ?” ಎಂದು ಕೇಳಿದರು. ಪ್ರತಿ ಸಿಗಲಿಲ್ಲ. ಆದರೆ ಅವರ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮಳಖೇಡಕ್ಕೂ ನಕಾಶೆಗೂ ಇರುವ ನಂಟು ಇಂದಿನದಲ್ಲ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ ಹುಟ್ಟಿದ್ದು ಈ ಊರಿನ ಆಸ್ಥಾನದಲ್ಲಿ. 814ರಿಂದ 878ರ ವರೆಗೆ ಆಳಿದ ಅಮೋಘವರ್ಷ ನೃಪತುಂಗನ ಹೆಸರಿನೊಡನೆ ಸೇರಿಕೊಂಡಿರುವ, ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’, ಕಾವೇರಿಯಿಂದ ಗೋದಾವರಿಯ ವರೆಗೆ ಕನ್ನಡ ನಾಡಿನ ಎಲ್ಲೆ ಗುರುತಿಸಿತು. ಆಮೇಲೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಸ್ಥಳಗಳ ಹೆಸರು ಹೇಳಿ ತಿರುಳ್ಗನ್ನಡದ ನೆಲೆಯನ್ನು ತೋರಿಸಿತು. ಎರಡು ನದಿ, ನಾಲ್ಕು ಊರು: ಇದು ನಕಾಶೆಯಲ್ಲದೆ ಮತ್ತೇನು? ಗೆರೆ ಎಳೆಯದೆ ಮಾತಿನಲ್ಲಿ ಬರೆದ ನಕಾಶೆ. ತರಗತಿಯಲ್ಲಿ ನಾನು ಪ್ರತಿವರ್ಷ ಹೇಳುವ ಒಂದು ಮಾತಿದೆ: ಆಸ್ಥಾನ ಮಳಖೇಡದಲ್ಲಿದ್ದರೂ ಆ ನಾಲ್ಕು ಊರುಗಳಲ್ಲಿ ಮಳಖೇಡವಿಲ್ಲ. ರಾಜಧಾನಿಯ ಮುಖಸ್ತುತಿ ಮಾಡದೆ ಅಳತೆ ಮಾಡಿದ ಆ ಪ್ರಾಮಾಣಿಕತೆ ಯಾವ ಭೂಮಾಪಕನಿಗೂ ಭೂಷಣ.

ಇನ್ನು ‘ಮಾನ್ಯಖೇಟ’ ಎಂಬ ಹೆಸರಿನ ಉತ್ತರಾರ್ಧವನ್ನು ನೋಡಿರಿ. ಅಮೋಘವರ್ಷನ ಗುರುವೆನಿಸಿದ ಜಿನಸೇನಾಚಾರ್ಯರ ಸಂಸ್ಕೃತ ‘ಆದಿಪುರಾಣ’ದಲ್ಲಿ ಗ್ರಾಮ, ಖೇಟ, ಖರ್ವಡ, ಮಡಂಬ ಮುಂತಾದ ನೆಲೆಗಳ ಲಕ್ಷಣಗಳು ಬರುತ್ತವೆ. ಅಲ್ಲಿ ಖೇಟವೆಂದರೆ ನದಿ ಮತ್ತು ಬೆಟ್ಟಗಳಿಂದ ಸುತ್ತುವರಿದ ಊರು. ಅಂದರೆ ಊರಿನ ಹೆಸರೇ ಒಂದು ಸ್ಥಳವರ್ಣನೆ. ನದಿಯೇನೋ ಇಂದಿಗೂ ಇದೆ. ಕೋಟೆಯ ಬದಿಯಲ್ಲಿ ಹರಿಯುತ್ತಿದೆ. ಬೆಟ್ಟವೆಲ್ಲಿ? ಬೆಟ್ಟವೆಂದು ಕರೆಯುವಂಥದನ್ನು ನೋಡಬೇಕಾದರೆ ಈ ಕಡೆಯವರು ಚಿಂಚೋಳಿಗೆ ಹೋಗಬೇಕು. ಅಲ್ಲಿ ಕಪ್ಪುಕಲ್ಲಿನ ಗುಡ್ಡಗಳ ತಲೆಯ ಮೇಲೆ ಕೆಂಪು ಜಂಬಿಟ್ಟಿಗೆ ಕುಳಿತಿದೆ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲ್ಪಟ್ಟ ಕಾಡು ಇದೆ. ನಕಾಶೆಯ ಕಂದುಗೆರೆಗಳು ಅಲ್ಲಿ ಒಂದರ ಮೇಲೊಂದು ಬಿದ್ದಂತೆ ಒತ್ತೊತ್ತಾಗಿವೆ. ಮಳಖೇಡದ ಸುತ್ತ ಇರುವುವು ಸುಣ್ಣಕಲ್ಲಿನ ಏರುದಿಣ್ಣೆಗಳು ಅಷ್ಟೆ. ಅವನ್ನೇ ಬೆಟ್ಟವೆಂದು ತಿಳಿದಿದ್ದರೋ, ‘ಖೇಟ’ವೆಂಬುದು ರೂಢಿಯ ಮಾತಾಗಿಬಿಟ್ಟಿತ್ತೋ, ನಿರ್ಣಯಿಸುವುದು ಕಷ್ಟ. ಆದರೆ ಆ ದಿಣ್ಣೆಗಳು ಇಂದು ದಿಣ್ಣೆಗಳಾಗಿ ಉಳಿದಿಲ್ಲ. ನಮ್ಮಲ್ಲಿ ಬೆಟ್ಟ ಕೆಳಮುಖವಾಗಿ ಬೆಳೆಯುತ್ತಿದೆ.

ಅದೇ ಅಮೋಘವರ್ಷನನ್ನು ಹೊಗಳಿ ಗ್ರಂಥಾರಂಭ ಮಾಡಿದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ನೆಲದ ವಿಸ್ತೀರ್ಣವನ್ನು ಲೆಕ್ಕಹಾಕುವ ಕ್ಷೇತ್ರಗಣಿತದ ಅಧ್ಯಾಯವಾದ ಮೇಲೆ ಖಾತವ್ಯವಹಾರವೆಂಬ ಅಧ್ಯಾಯ ಬರುತ್ತದೆ. ಖಾತವೆಂದರೆ ತೋಡಿದ ಗುಂಡಿ. ಗುಂಡಿಯಿಂದ ಎಷ್ಟು ಮಣ್ಣು ಹೋಯಿತೆಂದು ತಿಳಿಯುವ ಗಣಿತವನ್ನು ರಾಷ್ಟ್ರಕೂಟರ ಕಾಲದ ಒಬ್ಬ ಜೈನ ಪಂಡಿತರು 9ನೆಯ ಶತಮಾನದಲ್ಲಿ ಬರೆದಿಟ್ಟರು. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಇಂದು ಮಳಖೇಡದ ಸುತ್ತಲಿನ ಗುಂಡಿಗಳನ್ನು ನೋಡುವಾಗ ನನಗೆ ಆ ಅಧ್ಯಾಯ ನೆನಪಾಗದೆ ಇರುವುದಿಲ್ಲ.

ಮಾತಿನ ನಕಾಶೆಯಿಂದ ಗೆರೆಯ ನಕಾಶೆಗೆ ಬರೋಣ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಏಳೂವರೆ ಮೈಲಿಯ ಆಧಾರರೇಖೆಯನ್ನು ಸರಪಳಿಯಿಂದ ಅಳೆದು, ಅದರ ಮೇಲೆ ತ್ರಿಕೋನದ ಮೇಲೆ ತ್ರಿಕೋನವನ್ನು ಕಟ್ಟುತ್ತ ಹೊರಟ. ತ್ರಿಕೋನದ ಒಂದು ಭುಜದ ಉದ್ದ ತಿಳಿದು ಕೋನಗಳನ್ನು ಅಳೆದರೆ ಉಳಿದ ಎರಡು ಭುಜಗಳು ತಾವಾಗಿಯೇ ಲೆಕ್ಕಕ್ಕೆ ಸಿಗುತ್ತವೆ. ಆ ಭುಜಗಳ ಮೇಲೆ ಮತ್ತೆ ತ್ರಿಕೋನ. ಹೀಗೆ ನಡೆಯುತ್ತ ಆ ಕಾರ್ಯ ದಖ್ಖನವನ್ನು ಹತ್ತಿತು. 1815ರಲ್ಲಿ ಬೀದರಿನ ಕಡೆ ಮತ್ತೊಂದು ಆಧಾರರೇಖೆಯನ್ನು ಅಳೆದರು; 1841ರಲ್ಲಿ ಆಂಡ್ರೂ ವಾ ಅಲ್ಲಿ ಹೊಸ ಉಪಕರಣಗಳಿಂದ ಮತ್ತೆ ಅಳೆದ. ಲ್ಯಾಂಬ್ಟನ್ 1823ರಲ್ಲಿ, ಕೆಲಸ ಮುಗಿಯುವ ಮೊದಲೇ, ಹಿಂಗನಘಾಟದಲ್ಲಿ ತೀರಿಕೊಂಡ. ಹಿಮಾಲಯದ ಶಿಖರಗಳ ಎತ್ತರವನ್ನು ಗೊತ್ತುಮಾಡಿದ ಆ ಮಹಾಸರ್ವೇಯ ಒಂದು ಕೊಂಡಿ ನಮ್ಮ ಬೀದರದ ನೆಲದಲ್ಲಿದೆ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹುಡುಗರಿಗೆ ಹೇಳುವುದಿಲ್ಲ. ಎವರೆಸ್ಟ್ ಶಿಖರದ ಹೆಸರನ್ನು ಮಾತ್ರ ಬಾಯಿಪಾಠ ಮಾಡಿಸುತ್ತವೆ.

20ನೆಯ ಶತಮಾನದ ಮೊದಲಲ್ಲಿ ದೇಶವನ್ನೆಲ್ಲ ಚೌಕಗಳಾಗಿ ವಿಂಗಡಿಸಿ ಹಾಳೆಗಳಿಗೆ ಸಂಖ್ಯೆ ಕೊಡುವ ಪದ್ಧತಿ ಬಂದಿತು. ನಾಲ್ಕು ಡಿಗ್ರಿಯ ದೊಡ್ಡ ಚೌಕಕ್ಕೆ ಒಂದು ಅಂಕೆ. ಅದರೊಳಗಿನ ಒಂದೊಂದು ಡಿಗ್ರಿಗೆ ಒಂದೊಂದು ಇಂಗ್ಲಿಷ್ ಅಕ್ಷರ. ಅದರೊಳಗೆ ಹದಿನಾರು ಹಾಳೆಗಳು. ಒಂದು ಹಾಳೆಯೆಂದರೆ ಏಳುನೂರು ಚದರ ಕಿಲೋಮೀಟರಿಗೂ ಮಿಕ್ಕ ನೆಲ. ಮಳಖೇಡ ಮತ್ತು ಚಿತ್ತಾಪುರ 56 ಜಿ/4 ಎಂಬ ಹಾಳೆಯಲ್ಲಿವೆ. ಸೇಡಂ 56 ಜಿ/8ರಲ್ಲಿ. ಚಿಂಚೋಳಿ 56 ಜಿ/7ರಲ್ಲಿ. ಶಹಾಬಾದ್ ಮತ್ತು ವಾಡಿ ಬೇರೆಯೇ ಚೌಕಕ್ಕೆ, 56 ಸಿ/16ಕ್ಕೆ ಸೇರಿದುವು. ಏಕೆಂದರೆ 77ನೆಯ ರೇಖಾಂಶವು ಅವುಗಳಿಗೂ ಚಿತ್ತಾಪುರಕ್ಕೂ ನಡುವೆ ಹಾಯುತ್ತದೆ. ಒಂದೇ ಕಲ್ಲಿನ ಹಾಸು, ಒಂದೇ ರೈಲಿನ ಹಾದಿ, ಒಂದೇ ಮಾತಿನ ಜನ. ಆದರೆ ನಕಾಶೆ ನೋಡುವವನು ನಾಲ್ಕು ಹಾಳೆಗಳನ್ನು ಜೋಡಿಸಿಕೊಳ್ಳಬೇಕು. ಜೋಡಿಸಿ ನೋಡುವ ಶ್ರಮ ಯಾರು ತೆಗೆದುಕೊಳ್ಳುತ್ತಾರೆ?

ಆ ಹಾಳೆಗಳನ್ನು ಓದಲು ಕಲಿಯುವುದು ಕಷ್ಟವೇನಲ್ಲ. ನೀರಿರುವ ಹಳ್ಳ ನೀಲಿ. ಬೇಸಗೆಯಲ್ಲಿ ಒಣಗುವ ಹಳ್ಳ ಕಪ್ಪು. ಉಳುವ ನೆಲ ಹಳದಿ, ಕಾಡು ಹಸಿರು, ರಸ್ತೆಯೂ ಮನೆಗಳೂ ಕೆಂಪು. ಅಳತೆಯ ಕಲ್ಲು ನಿಂತ ಕಡೆ ಪುಟ್ಟ ತ್ರಿಕೋನ, ಅದರ ಮಗ್ಗುಲಲ್ಲಿ ಎತ್ತರದ ಅಂಕೆ. ಗುಡಿಗೊಂದು, ಮಸೀದಿಗೊಂದು, ಈದ್ಗಾಕ್ಕೊಂದು, ಗೋರಿಗೊಂದು ಗುರುತು. ಯಾವ ಊರನ್ನೂ ಬಡವೆಂದು ಕೈಬಿಟ್ಟಿಲ್ಲ. ಪಾಳುಬಿದ್ದ ಊರಿಗೂ ಅಲ್ಲಿ ಜಾಗವಿದೆ. ಕಂದಾಯದ ಲೆಕ್ಕದಲ್ಲಿ ಅಂಥ ಊರನ್ನು ಬೇಚಿರಾಖ್ ಎನ್ನುತ್ತಾರೆ. ಪಾರಸಿಯ ಮಾತು, ದೀಪವಿಲ್ಲದ್ದು ಎಂದು ಅರ್ಥ. ಸರಕಾರಿ ದಫ್ತರದಲ್ಲಿ ಇಷ್ಟು ಸೊಗಸಾದ ಶಬ್ದ ಇನ್ನೊಂದಿದ್ದರೆ ಬಲ್ಲವರು ತಿಳಿಸಬೇಕು.

ಆದರೆ ನನ್ನಂಥವನಿಗೆ ಅವುಗಳಲ್ಲಿ ಬೆಲೆಯುಳ್ಳದ್ದು ಹೆಸರುಗಳು. ಸರ್ವೇಯವರು ಊರೂರು ತಿರುಗಿ, ಕೇಳಿದ ಹೆಸರನ್ನು ಕೇಳಿದಂತೆ ಬರೆದುಕೊಂಡರು. ಹೇಳಿದವನು ಕನ್ನಡದವನು ಅಥವಾ ತೆಲುಗಿನವನು, ದಫ್ತರದ ಭಾಷೆ ಉರ್ದು, ಅಚ್ಚಾದದ್ದು ಇಂಗ್ಲಿಷಿನಲ್ಲಿ. ಮೂರು ಜರಡಿಗಳಲ್ಲಿ ಸೋಸಿಬಂದ ಹೆಸರು ಹೇಗಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ರೈಲು ನಿಲ್ದಾಣಗಳ ಹಲಗೆಗಳನ್ನು ನೋಡಿದರೆ ಸಾಕು. ಸೇಡಂ ಊರಿನ ನಿಲ್ದಾಣ ಇಂಗ್ಲಿಷಿನಲ್ಲಿ ‘ಸೇರಂ’. ಇದು ಕೇವಲ ಅಜ್ಞಾನದಿಂದಾದದ್ದೆಂದು ನಗುವವರುಂಟು. ನಾನು ನಗಲಾರೆ. ನಮ್ಮ ಸ್ವರಮಧ್ಯದ ‘ಡ’ಕಾರವನ್ನು ನಾಲಿಗೆ ಮಡಚಿ ಸಡಿಲವಾಗಿ ಉಚ್ಚರಿಸಿದರೆ ಅದು ರಕಾರಕ್ಕೆ ಹತ್ತಿರ ಬರುತ್ತದೆ, ಉರ್ದುವಿನಲ್ಲಿ ಆ ಧ್ವನಿಗೆ ಬೇರೆ ಅಕ್ಷರವೇ ಇದೆ, ಅದರ ಆಕಾರ ರಕಾರದ್ದೇ, ಇಂಗ್ಲಿಷಿನವನು ಅದನ್ನು ರಕಾರವೆಂದು ಬರೆದ. ಕಲಬುರಗಿ ಗುಲ್ಬರ್ಗವಾದದ್ದು, 2014ರ ನವೆಂಬರ್ 1ರಂದು ಮತ್ತೆ ಕಲಬುರಗಿಯಾದದ್ದು ಎಲ್ಲರಿಗೂ ಗೊತ್ತು. ಮಾನ್ಯಖೇಟದ ಟಕಾರ ಪ್ರಾಕೃತದಲ್ಲಿ ಡಕಾರವಾಗಿ, ಮಳಖೇಡವಾಗಿ, ನಿಲ್ದಾಣದ ಇಂಗ್ಲಿಷ್ ಹಲಗೆಯ ಮೇಲೆ ‘ಮಲ್ಖೈಡ್ ರೋಡ್’ ಆಯಿತು. ಅದಕ್ಕೂ ಮೊದಲು 10ನೆಯ ಶತಮಾನದ ಅರಬ್ ಲೇಖಕ ಅಲ್ ಮಸೂದಿ ಇದನ್ನು ‘ಮಾನ್ಕೀರ್’ ಎಂದು ಬರೆದಿದ್ದ. ಅಲ್ಲಿಯೂ ಕೊನೆಗೆ ರಕಾರವೇ ನೋಡಿರಿ! ಸೇಡಂ ಹಲಗೆಯನ್ನು ಬರೆದವನಿಗೆ ಸಾವಿರ ವರ್ಷದ ಹಿಂದೆಯೇ ಒಬ್ಬ ಜೊತೆಗಾರನಿದ್ದ.

ತಾಳೆಗರಿಯಲ್ಲಿ ಪಾಠ ಕೆಟ್ಟಿದ್ದರೆ ನಾವು ಏನು ಮಾಡುತ್ತೇವೆ? ಹಲವು ಪ್ರತಿಗಳನ್ನು ಕೂಡಿಸಿ, ಲಿಪಿಕಾರನ ತಪ್ಪು ಯಾವುದು, ಮೂಲದ ಪಾಠ ಯಾವುದು ಎಂದು ಶೋಧಿಸುತ್ತೇವೆ. ನಕಾಶೆಯಲ್ಲಿಯ ಹೆಸರುಗಳೂ ಅದೇ ಶೋಧನೆಯನ್ನು ಬೇಡುತ್ತವೆ. ಮೊದಲ ಮುದ್ರಣದ ಹೆಸರು, ಮರುಮುದ್ರಣದ ಹೆಸರು, ಕಂದಾಯದ ಪಹಣಿಯ ಹೆಸರು, ಶಾಸನದ ಹೆಸರು, ಊರಿನವರ ಬಾಯಿಯ ಹೆಸರು: ಇವೈದೂ ಪಾಠಾಂತರಗಳು. ಶಂ.ಬಾ. ಜೋಶಿಯವರು ಊರ ಹೆಸರುಗಳನ್ನು ಹಿಡಿದು ಕನ್ನಡದ ನೆಲೆಯನ್ನು ಹುಡುಕಹೊರಟಾಗ ಅವರ ಮುಂದಿದ್ದದ್ದು ಇಂಥದೇ ಸಾಮಗ್ರಿ. ಅವರ ನಿರ್ಣಯಗಳನ್ನೆಲ್ಲ ಒಪ್ಪದವರೂ ಆ ದಾರಿ ಸರಿಯಾದದ್ದೆಂದು ಒಪ್ಪಬೇಕು. ಗುಮಾಸ್ತರ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದು. ಎರಡನೆಯದು ಇದಕ್ಕಿಂತ ಅವಸರದ್ದು, ಏಕೆಂದರೆ ಮೂಲಪ್ರತಿಯೇ ಕರಗುತ್ತಿದೆ.

ಈ ಸೀಮೆಯ ಕಲ್ಲಿನ ಕಥೆಯನ್ನು ಸ್ವಲ್ಪದರಲ್ಲಿ ಹೇಳಬೇಕು. ಭೀಮಾ ನದಿಯ ಹೆಸರಿನಿಂದ ಕರೆಯುವ ಬಹು ಪುರಾತನವಾದ ಶಿಲಾವರ್ಗ ಇದು. ಪದರು ಪದರಾಗಿ, ಪುಸ್ತಕದ ಹಾಳೆಗಳಂತೆ ಮಲಗಿರುವ ಸುಣ್ಣಕಲ್ಲು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂವಿಜ್ಞಾನವನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿದ. ಹೈದರಾಬಾದ್ ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸಿ. ಮಹಾದೇವನ್ ಅವರು ಜಿಲ್ಲೆಯ ಈ ಶಿಲೆಗಳನ್ನು ವಿವರವಾಗಿ ಅಭ್ಯಾಸ ಮಾಡಿದರು. ಅವರ ಬರಹ 1947ರಲ್ಲಿ ಪ್ರಕಟವಾಯಿತು. ಒಂದು ಪದರಿಗೆ ಶಹಾಬಾದ್ ಎಂಬ ಹೆಸರೇ ಶಾಸ್ತ್ರದಲ್ಲಿ ನಿಂತಿದೆ. ಜನ ಅದನ್ನು ಫರ್ಸಿ ಎನ್ನುತ್ತಾರೆ. ಉಳಿ ಇಟ್ಟು ಎಬ್ಬಿಸಿದರೆ ಚಪ್ಪಡಿಯಾಗಿ ಏಳುವ ಈ ಕಲ್ಲಿನ ಮೇಲೆ ಊಟಕ್ಕೆ ಕೂಡದ ಮನೆ ನಮ್ಮ ಜಿಲ್ಲೆಯಲ್ಲಿ ವಿರಳ. ಇನ್ನೆಷ್ಟೋ ಊರುಗಳ ಮನೆಯ ನೆಲವೂ ಇದೇ. ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯ ಸ್ತೂಪದಲ್ಲಿ, ‘ರಾಯ ಅಶೋಕ’ ಎಂದು ಹೆಸರು ಕೆತ್ತಿದ ಶಿಲ್ಪ ಸಿಕ್ಕಿತಷ್ಟೆ, ಅದೂ ಸುಣ್ಣಕಲ್ಲೇ.

1871ರಲ್ಲಿ ಮುಂಬಯಿಯ ರೈಲು ಈ ದಾರಿಯಾಗಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಅಲ್ಲಿಂದ ಕಲ್ಲಿಗೆ ಕಾಲು ಬಂದವು. 1920ರ ದಶಕದಲ್ಲಿ ಶಹಾಬಾದಿನಲ್ಲಿ ಸಿಮೆಂಟಿನ ಕಾರ್ಖಾನೆ ಎದ್ದಿತು, 1968ರಲ್ಲಿ ವಾಡಿಯಲ್ಲಿ, 1980ರ ದಶಕದಲ್ಲಿ ಮಳಖೇಡ, ಸೇಡಂಗಳಲ್ಲಿ, ಆಮೇಲೆ ಇನ್ನೂ ಕೆಲವು. ಸೇಡಂನ ಕಾರ್ಖಾನೆಗೆ ‘ವಾಸವದತ್ತಾ’ ಎಂದು ಹೆಸರಿಟ್ಟರು. ಭಾಸನ ನಾಯಿಕೆ ಬೆಂಕಿಯಲ್ಲಿ ಸುಟ್ಟುಹೋದಳೆಂದು ಎಲ್ಲರನ್ನೂ ನಂಬಿಸಿದವಳು. 1450 ಡಿಗ್ರಿಯ ಕುಲುಮೆಗೆ ಅವಳ ಹೆಸರಿಟ್ಟವರು ನಾಟಕವನ್ನು ಓದಿಯೇ ಇಟ್ಟರೋ ಏನೋ.

ಒಂದು ಟನ್ ಸಿಮೆಂಟಿನ ಗಟ್ಟಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಆ ಕಲ್ಲು ನೆಲದಿಂದಲೇ ಬರಬೇಕು. ಕಾರ್ಖಾನೆಯನ್ನು ಬೈಯುವುದಕ್ಕೆ ನಾನು ಈ ಲೇಖನವನ್ನು ಬರೆಯುತ್ತಿಲ್ಲ. ನನ್ನ ಮನೆಯ ಗೋಡೆ ಸಿಮೆಂಟಿನದು, ನೆಲ ಫರ್ಸಿಯದು. ನನ್ನ ತರಗತಿಯ ಎಷ್ಟೋ ಮಕ್ಕಳ ಫೀಸು ಬರುವುದು ಖಣಿಯ ಕೂಲಿಯಿಂದ. ಮಳೆಯನ್ನೇ ನಂಬಿದ ತೊಗರಿಯ ಹೊಲ ಕೊಡದ ಅನ್ನವನ್ನು ಕಲ್ಲು ಕೊಟ್ಟಿದೆ. ಆದರೆ ಹೊಲ ಹೋದಾಗ ಹೊಲದ ಹೆಸರೂ ಹೋಗುತ್ತದೆ. ಹೊಲಕ್ಕೆ ಪರಿಹಾರ ಕೊಡುತ್ತಾರೆ. ಹೆಸರನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. 2003ರಿಂದೀಚೆಗೆ ದೊಡ್ಡ ಗಣಿಗಳಿಗೆ ಮುಚ್ಚುವ ಯೋಜನೆಯನ್ನು ಮೊದಲೇ ಬರೆದುಕೊಡಬೇಕೆಂಬ ನಿಯಮವಿದೆ. ಗುಂಡಿಯನ್ನು ಏನು ಮಾಡಬೇಕು, ಗಿಡ ಎಲ್ಲಿ ನೆಡಬೇಕು ಎಂಬುದು ಅದರಲ್ಲಿ ಬರುತ್ತದೆ. ಅದರ ಜೊತೆಗೆ, ಇಲ್ಲಿ ಹಿಂದೆ ಏನಿತ್ತು, ಅದಕ್ಕೆ ಊರವರು ಏನೆನ್ನುತ್ತಿದ್ದರು ಎಂಬ ಒಂದು ಪುಟವನ್ನೂ ಸೇರಿಸಿದರೆ ಯಾರ ಗಂಟು ಹೋಗುತ್ತದೆ?

ಪುಟ ಸೇರಿಸದಿದ್ದರೆ ಹೋಗುವುದೇನೆಂದು ಕೇಳಬಹುದು. ಸನ್ನತಿಯದೇ ಉದಾಹರಣೆ. 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಮೂರ್ತಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ತಿಳಿಯಿತು. ಎರಡು ಸಾವಿರ ವರ್ಷಕ್ಕೂ ಹಿಂದಿನ ಬರಹ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದಿತು. ಚಿತ್ತಾಪುರದ ಮಗ್ಗುಲ ನಾಗಾವಿಯಲ್ಲಿ 11ನೆಯ ಶತಮಾನದ ಘಟಿಕಾಸ್ಥಾನದ ಅವಶೇಷಗಳಿವೆ. ಅಲ್ಲಿಯ ಶಾಸನ ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಮಾತ್ರವಲ್ಲ, ಗ್ರಂಥಭಂಡಾರವನ್ನು ನೋಡಿಕೊಳ್ಳುವವರನ್ನೂ ಹೆಸರಿಸುತ್ತದೆ. ಮಳಖೇಡವನ್ನಂತೂ 972ರಲ್ಲಿ ಪರಮಾರರ ಸೀಯಕ ಸೂರೆಮಾಡಿದ. ಆ ದೊಡ್ಡ ಪಟ್ಟಣದಲ್ಲಿ ಇಂದು ಕಾಣುವುದು ಕೋಟೆ, ಬಸದಿ, ಕೆಲವು ಗುಡಿಗಳು. ಉಳಿದದ್ದು ಎಲ್ಲಿಯ ವರೆಗೆ ಹಬ್ಬಿತ್ತು? ಹೊಲಗಳ ಹೆಸರು, ಒಣಹಳ್ಳದ ತಿರುವು, ಕಾಲುದಾರಿ ಹೋದ ದಿಕ್ಕು, ಇವೇ ಸುಳುಹುಗಳು. ಯಂತ್ರ ಮುಟ್ಟುವ ಮೊದಲಿನ ನೆಲವನ್ನು ಅಳೆದಿಟ್ಟ ಸಾಕ್ಷಿ ಈ ನಕಾಶೆ. ಅಗೆಯುವವನಿಗೂ ಅದು ಬೇಕು, ಹುಡುಕುವವನಿಗೂ ಬೇಕು.

ಈ ನಕಾಶೆಗಳು ದಂಡಿಗಾಗಿ, ಕಂದಾಯಕ್ಕಾಗಿ, ಪರರ ಆಳ್ವಿಕೆಯ ಅನುಕೂಲಕ್ಕಾಗಿ ಆದುವೆಂದು ಆಕ್ಷೇಪಿಸುವವರಿದ್ದಾರೆ. ನಿಜ. ತೋಪಿನ ಬಂಡಿ ಎಲ್ಲಿ ದಾಟಬಹುದೆಂದು ತಿಳಿಯಲು ಹಳ್ಳವನ್ನು ಬರೆದರು, ಹಳ್ಳದ ಮೇಲಿನ ಪ್ರೀತಿಯಿಂದಲ್ಲ. ಆದರೆ ನಮ್ಮ ಶಾಸನಗಳಾದರೂ ಏನು? ಅವೂ ತೆರಿಗೆ, ದತ್ತಿ, ಯುದ್ಧಗಳ ದಾಖಲೆಗಳೇ. ಬರೆಸಿದವನ ಉದ್ದೇಶದಿಂದ ಬರಹದ ಉಪಯೋಗ ಮುಗಿಯುವುದಾದರೆ ನಾವು ಶಾಸನಗಳ ಅಧ್ಯಯನವನ್ನೂ ಬಿಡಬೇಕಾದೀತು.

ಇನ್ನೊಂದು ಆಕ್ಷೇಪ ನನ್ನ ವಿದ್ಯಾರ್ಥಿಗಳದೇ: ಕೈಯಲ್ಲಿಯ ಫೋನಿನಲ್ಲಿ ಉಪಗ್ರಹದಿಂದ ತೆಗೆದ ಚಿತ್ರ ಇರುವಾಗ ಗೆದ್ದಲು ತಿಂದ ಕಾಗದ ಏಕೆ? ಆ ಚಿತ್ರವನ್ನೂ ನೋಡಿದೆವು. ಖಣಿಯ ಮೆಟ್ಟಿಲುಗಳು ಎಣಿಸುವಂತೆ ಕಾಣುತ್ತವೆ; ತುಂಬಿದ ನೀರಿನ ಹಸಿರು ಬಣ್ಣವೂ ಕಾಣುತ್ತದೆ. ಆದರೆ ಅಲ್ಲಿ ಹಿಂದೆ ಇದ್ದ ಹಳ್ಳ ಕಾಣುವುದಿಲ್ಲ. ಇರುವುದನ್ನು ತೋರಿಸುವುದರಲ್ಲಿ ಅದನ್ನು ಮೀರಿಸುವುದಿಲ್ಲ. ಇದ್ದದ್ದನ್ನು ಕೇಳಿದರೆ ಅದಕ್ಕೆ ಬಾಯಿಲ್ಲ.

ಬೇರೆ ದೇಶಗಳವರು ಇದನ್ನು ಅರಿತಿದ್ದಾರೆ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆ 1884ರಿಂದ ತಾನು ಪ್ರಕಟಿಸಿದ ಸ್ಥಳವರ್ಣನ ನಕ್ಷೆಗಳನ್ನು, ಹಳೆಯ ಮುದ್ರಣಗಳನ್ನೂ ಬಿಡದೆ, ಯಾರು ಬೇಕಾದರೂ ಬೆಲೆಯಿಲ್ಲದೆ ನೋಡುವಂತೆ ಇಟ್ಟಿದೆ. ಅಪಲಾಚಿಯದ ಕಲ್ಲಿದ್ದಲ ಬೆಟ್ಟಗಳಲ್ಲಿ, ಹಿಂದೆ ಎಲ್ಲಿ ಸುರಂಗವಿತ್ತು, ಎಲ್ಲಿ ಗಣಿಕಾರರ ಕೇರಿಯಿತ್ತು, ಯಾವ ಬೆಟ್ಟದ ತಲೆ ಈಗ ಇಲ್ಲ ಎಂದು ತಿಳಿಯಬೇಕಾದವರು ಆ ಹಳೆಯ ಹಾಳೆಗಳನ್ನೇ ನೋಡುತ್ತಾರೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವೂ ಹಾಗೆಯೇ ಮಾಡಿದೆ. ಅಷ್ಟೇ ಏಕೆ, 1950ರ ದಶಕದಲ್ಲಿ ಅಮೆರಿಕದ ಸೈನ್ಯ ಸಿದ್ಧಪಡಿಸಿದ ಭಾರತದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಎಲ್ಲರಿಗೂ ತೆರೆದಿಟ್ಟಿದೆ. ನಮ್ಮ ಹಳ್ಳಿಯನ್ನು ನಾವು ಟೆಕ್ಸಾಸಿನಲ್ಲಿ ಹುಡುಕಬಹುದು. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕುವಂತಿಲ್ಲ.

ನಮ್ಮಲ್ಲಿಯೂ ಬಾಗಿಲು ಸ್ವಲ್ಪ ಸ್ವಲ್ಪವಾಗಿ ತೆರೆದಿದೆಯೆನ್ನಬೇಕು. 2005ರ ರಾಷ್ಟ್ರೀಯ ನಕ್ಷಾ ನೀತಿ ರಕ್ಷಣೆಗೊಂದು, ಸಾರ್ವಜನಿಕರಿಗೊಂದು ಎಂದು ಎರಡು ಮಾಲೆಗಳನ್ನು ಮಾಡಿತು. 2017ರಲ್ಲಿ ಸಾರ್ವಜನಿಕ ಮಾಲೆಯ ಮೂರು ಸಾವಿರದಷ್ಟು ಹಾಳೆಗಳನ್ನು ಇಲಾಖೆ ಬೆಲೆಯಿಲ್ಲದೆ ಒದಗಿಸಿತು. 2021ರ ಫೆಬ್ರವರಿಯಲ್ಲಿ ನಿಬಂಧನೆಗಳು ಇನ್ನಷ್ಟು ಸಡಿಲವಾದುವು. ಆದರೆ ಇವೆಲ್ಲ ಹೊಸ ಹಾಳೆಗಳ ಮಾತು. ನಾನು ಕೇಳುತ್ತಿರುವುದು ಹಳೆಯವನ್ನು. ಹೊಸ ಮುದ್ರಣ ಬಂದಾಗ ಹಳೆಯ ಮುದ್ರಣ ರದ್ದಾಯಿತೆಂದು ತಿಳಿಯುವ ದಫ್ತರದ ಬುದ್ಧಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಖಣಿಯ ಸೀಮೆಯಲ್ಲಿ ರದ್ದಾದ ಹಾಳೆಗೇ ಬೆಲೆ ಹೆಚ್ಚು. ಈ ನಾಲ್ಕು ಹಾಳೆಗಳ ಎಲ್ಲ ಮುದ್ರಣಗಳ ಛಾಯಾಪ್ರತಿಗಳು ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಗಳ ಕಾಲೇಜುಗಳಲ್ಲಿಯೂ ತಾಲೂಕಿನ ಗ್ರಂಥಾಲಯಗಳಲ್ಲಿಯೂ ಗೋಡೆಯ ಮೇಲೆ ತೂಗಬೇಕೆಂಬುದು ನನ್ನ ಬೇಡಿಕೆ. ಬೀರುವಿನಲ್ಲಿ ಬೀಗ ಹಾಕಿ ಇಡುವುದಾದರೆ ಬೇಡ, ಟ್ರಂಕಿನಲ್ಲಿಯೇ ಇರಲಿ.

ಕನ್ನಡದ ವಿಭಾಗಗಳಿಗೆ ಇದರಲ್ಲಿ ಕೆಲಸವಿದೆ. ಎಂ.ಎ. ವಿದ್ಯಾರ್ಥಿಗಳು ಪ್ರತಿವರ್ಷ ಯಾವನೋ ಕವಿಯ ಪ್ರಕೃತಿ ವರ್ಣನೆ ಎಂದು ಕಿರುಪ್ರಬಂಧ ಬರೆದು ರಾಶಿ ಹಾಕುತ್ತಾರೆ. ಓದಿ ಅಂಕ ಕೊಟ್ಟವನು ನಾನೂ ಒಬ್ಬ. ಅದಕ್ಕೆ ಬದಲಾಗಿ ಒಬ್ಬೊಬ್ಬ ವಿದ್ಯಾರ್ಥಿ ತನ್ನ ಊರಿನ ಹಾಳೆಯ ತುಣುಕನ್ನು ಹಿಡಿದು, ಹಿರಿಯರ ಜೊತೆ ನಡೆದು, ಹೊಲ, ಬಾವಿ, ಹಳ್ಳ, ಕಟ್ಟೆ, ದಾರಿಗಳ ಹೆಸರುಗಳನ್ನು ಕನ್ನಡದಲ್ಲಿ ಸರಿಯಾದ ಉಚ್ಚಾರದೊಡನೆ ಬರೆದು ತರಲಿ. ತಾಂಡಾದಲ್ಲಿ ಲಂಬಾಣಿಯ ಹೆಸರು, ಗಡಿಯಲ್ಲಿ ತೆಲುಗಿನ ಹೆಸರು ಸಿಕ್ಕರೆ ಅದನ್ನೂ ಹಾಗೆಯೇ ಬರೆಯಲಿ; ಕನ್ನಡಿಸುವ ಉತ್ಸಾಹ ಬೇಡ.

ಆ ಹುಡುಗನ ಊರಿಗೆ ನಾವು ಏಳೆಂಟು ಜನ ಹೋದೆವು. ಊರಿನ ಹೆಸರನ್ನು ಬರೆಯುವುದಿಲ್ಲ. ನಕಾಶೆಯಲ್ಲಿ ಕಪ್ಪುಗೆರೆಯ ಹಳ್ಳ ತಿರುಗುವ ಕಡೆ ಈಗ ಕೈಬಿಟ್ಟ ಖಣಿ; ಒಳಗೆ ಮಳೆಯ ನೀರು, ನೀರಿನಲ್ಲಿ ಎಮ್ಮೆ. ಎಂಬತ್ತು ದಾಟಿದ ಮುದುಕರೊಬ್ಬರನ್ನು ಹುಡುಗರು ಕರೆತಂದರು. ಹರೆಯದಲ್ಲಿ ಅದೇ ಖಣಿಯಲ್ಲಿ ಉಳಿ ಹಿಡಿದವರು. ಕಾಗದವನ್ನು ನೋಡಿ ಮೊದಲು ಹೆದರಿದರು: “ಯಾವ ಆಫೀಸಿನವರ್ರಿ ಯಪ್ಪಾ? ಮತ್ತ ಹೊಲ ಅಳಿಯಾಕ ಬಂದೀರೇನು?” ನಾವು ಕಾಲೇಜಿನವರೆಂದೂ ಹೆಸರು ಬರೆದುಕೊಳ್ಳಲು ಬಂದವರೆಂದೂ ತಿಳಿಸುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಅವರಿಗೆ ಓದು ಬಾರದು. ಆದರೆ ನದಿ ಯಾವ ಕಡೆ, ಗುಡಿ ಯಾವ ಕಡೆ ಎಂದು ಒಮ್ಮೆ ತಿಳಿದ ಮೇಲೆ ಬೆರಳನ್ನು ತಪ್ಪದೆ ಇಟ್ಟರು. ಹುಣಸಿ ಬಾವಿ ಹೊಲ. ಬಸವಣ್ಣನ ಕಟ್ಟಿ. ಸುಣ್ಣದ ಭಟ್ಟಿ ಪಟ್ಟಿ. ದಂಡಿನ ದಾರಿ.

ಕೊನೆಯ ಹೆಸರು ಕೇಳಿ ಹುಡುಗರು ನನ್ನ ಮುಖ ನೋಡಿದರು. ಯಾರ ದಂಡು? ರಾಷ್ಟ್ರಕೂಟರದೇ ಸರ್, ಎಂದು ಒಬ್ಬಳು ಆಗಲೇ ನಿರ್ಧರಿಸಿದ್ದಳು. ನಾನು ತಡೆದೆ. ಬಹಮನಿಗಳ ದಂಡು, ಮೊಗಲರ ದಂಡು, ನಿಜಾಮರ ದಂಡು, ಈ ನೆಲದ ಮೇಲೆ ನಡೆಯದ ದಂಡು ಯಾವುದು? ಹೆಸರನ್ನು ಮೊದಲು ಬರೆದುಕೊಳ್ಳಿ, ಅರ್ಥವನ್ನು ಆಮೇಲೆ ಹುಡುಕೋಣ ಎಂದೆ. ಹಳ್ಳದ ಹೆಸರೇನೆಂದು ಹುಡುಗ ಕೇಳಿದ. ನಕಾಶೆಯಲ್ಲಿ ಹಳ್ಳವಿತ್ತೇ ಹೊರತು ಹೆಸರನ್ನು ಬರೆದಿರಲಿಲ್ಲ. ಮುದುಕರು ಬಹಳ ಹೊತ್ತು ನೀರನ್ನೇ ನೋಡುತ್ತ ಕುಳಿತರು. ಅವರ ತಾಯಿ ಅಲ್ಲಿ ಬಟ್ಟೆ ಒಗೆಯುತ್ತಿದ್ದದ್ದು ನೆನಪಿದೆ, ಹಳ್ಳದ ಹೆಸರು ಮಾತ್ರ ನಾಲಿಗೆಗೆ ಬರುತ್ತಿಲ್ಲವೆಂದರು. ತಮಗಿಂತ ದೊಡ್ಡವಳಾದ ಅಕ್ಕ ಚಿಂಚೋಳಿಯ ಕಡೆ ಕೊಟ್ಟ ಮನೆಯಲ್ಲಿದ್ದಾಳೆ, ಅವಳಿಗೆ ಗೊತ್ತಿದ್ದೀತು ಎಂದರು.

ಹೆಸರುಗಳನ್ನು ನಾವು ಹಾಳೆಯ ಛಾಯಾಪ್ರತಿಯ ಮೇಲೆ ಸೀಸದ ಕಡ್ಡಿಯಿಂದ ಬರೆದೆವು. ಹಳ್ಳದ ಗೆರೆಯ ಮಗ್ಗುಲಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಬರುವ ಭಾನುವಾರ ಹುಡುಗ ಚಿಂಚೋಳಿಯ ಬಸ್ಸು ಹತ್ತುತ್ತಾನೆ.